ಭಾವಶಿಕ್ಷಣ: ಶಾಲೆಯದೋ, ಮನೆಯದೋ?



ಕೋಪವನ್ನು ನಿಗ್ರಹಿಸುವುದು, ಅನ್ಯರ ನೋವನ್ನು ಅರಿಯುವುದು, ಸೋಲನ್ನು ತಾಳಿಕೊಳ್ಳುವುದು—ಇವನ್ನೂ ಶಾಲೆಯೇ ಕಲಿಸಬೇಕೆ? ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಪೋಷಕರಲ್ಲಿ ಈ ಪ್ರಶ್ನೆ ಸಹಜ. ಇದು ಮನೆಯ ಸಂಸ್ಕಾರವೆಂಬುದು ಕೆಲವರ ಮತ. ಪ್ರವೇಶ ಪರೀಕ್ಷೆಗಳ ಪೈಪೋಟಿ ತೀವ್ರವಾಗಿರುವ ಈ ನಗರದಲ್ಲಿ ಓದಿನ ಅವಧಿ ಕುಗ್ಗೀತೆಂಬುದು ಮತ್ತೆ ಕೆಲವರ ಆತಂಕ. ಎರಡೂ ಅಲಕ್ಷಿಸತಕ್ಕವಲ್ಲ.

ಆದರೆ ಆ ಪೈಪೋಟಿಯೇ ಈ ಶಿಕ್ಷಣದ ಅಗತ್ಯವನ್ನು ತೋರಿಸುತ್ತದೆ. 2019ರಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶದ ತರುವಾಯ ಹಲವು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಆ ಫಲಿತಾಂಶದಲ್ಲಿ ದೋಷಗಳೂ ಕಂಡುಬಂದವು. ಅಂಕಪಟ್ಟಿಯೂ ತಪ್ಪಾಗಬಹುದು, ಅದು ಮಗುವಿನ ಬೆಲೆಯನ್ನು ನಿರ್ಧರಿಸಲಾರದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಬೌದ್ಧಿಕ ಸಾಮರ್ಥ್ಯದೊಡನೆ ಸಾಮಾಜಿಕ ಹಾಗೂ ಭಾವನಾತ್ಮಕ ಸಾಮರ್ಥ್ಯಗಳ ವಿಕಾಸಕ್ಕೂ ಒತ್ತು ನೀಡಿದೆ. ಇದಕ್ಕೆ ಪ್ರತ್ಯೇಕ ಪಠ್ಯಪುಸ್ತಕವೇ ಬೇಕೆಂದಿಲ್ಲ. ಜೊತೆಗೂಡಿ ಮಾಡುವ ಕೆಲಸದಲ್ಲಿ, ಆಟದ ಸೋಲುಗೆಲುವಿನಲ್ಲಿ, ಜಗಳದ ನಂತರದ ಮಾತುಕತೆಯಲ್ಲಿ ಮಗು ಇದನ್ನು ಕಲಿಯುತ್ತದೆ. ಸಹಪಾಠಿಗಳೊಡನೆ ಬಾಳುವ ಈ ಅಭ್ಯಾಸಕ್ಕೆ ಮನೆಗಿಂತ ಶಾಲೆಯೇ ವಿಶಾಲ ಕ್ಷೇತ್ರ.

ಹಾಗೆಂದು ಮನೆಯ ಹೊಣೆ ತಗ್ಗುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು, ಉರ್ದು ಕೇಳುವ ಮಗುವಿಗೆ ತನ್ನ ಅಳುಕನ್ನೂ ಸಂಕಟವನ್ನೂ ತೋಡಿಕೊಳ್ಳಲು ಮನೆಮಾತೇ ಹತ್ತಿರ. ಫಲಿತಾಂಶದ ದಿನ ಅಂಕವನ್ನು ಕೇಳುವ ಮೊದಲು ಅದರ ಮನಸ್ಸನ್ನು ವಿಚಾರಿಸಿರಿ. ಶಿಕ್ಷಕರನ್ನು ಕಂಡಾಗ ಅದರ ಸ್ನೇಹ, ಮೌನ, ಭಯಗಳ ಬಗೆಗೂ ಕೇಳಿರಿ. ನೆರವು ಬೇಕಾದಲ್ಲಿ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸೇವೆಗೆ, 14416 ಸಂಖ್ಯೆಯಲ್ಲಿ, ಉಚಿತವಾಗಿ ಕರೆ ಮಾಡಬಹುದು.

ಮನೆ ಮತ್ತು ಶಾಲೆ ಒಂದೇ ಮಾತನ್ನಾಡಿದಾಗ ಮಗುವಿಗೆ ಧೈರ್ಯ ಮೂಡುತ್ತದೆ.