ಲಿಂಗ, ಲಿಂಗತ್ವ, ಲೈಂಗಿಕ ಒಲವು: ಗ್ರಾಮ ಪಂಚಾಯಿತಿ ಸದಸ್ಯರು ಅರಿಯಬೇಕಾದ ಕೆಲವು ಪದಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನನಗೆ ವಹಿಸಿರುವ ವಿಷಯದ ಹೆಸರನ್ನು ನಿರೂಪಕರು ಓದಿದಾಗ ಸಭೆಯಲ್ಲಿ ಸಣ್ಣ ನಗುವೊಂದು ಹಾದುಹೋಯಿತು. ಅದರಲ್ಲಿ ತಪ್ಪೆಣಿಸುವಂಥದ್ದೇನೂ ಇಲ್ಲ. ಕೆಲವು ವರ್ಷಗಳ ಹಿಂದೆ ನಾನೂ ನಕ್ಕವನೇ. ಆ ಪ್ರಸಂಗದಿಂದಲೇ ಆರಂಭಿಸುತ್ತೇನೆ.

ನಾನು ಆಗ ಬೇರೊಂದು ಪಂಚಾಯಿತಿಯಲ್ಲಿ ಸೇವೆಯಲ್ಲಿದ್ದೆ. ಮನೆಯ ಯಜಮಾನರೊಬ್ಬರು ತೀರಿಕೊಂಡ ಬಳಿಕ ಅವರ ಇಬ್ಬರು ಗಂಡುಮಕ್ಕಳು ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದರು. ತಕರಾರಿಗೆ ಅವಕಾಶ ನೀಡಿ ಸೂಚನಾ ಫಲಕದಲ್ಲಿ ಪ್ರಕಟಣೆ ಹಾಕಿದೆವು. ಅವಧಿ ಮುಗಿಯಲು ಎರಡು ದಿನವಿರುವಾಗ ಸೀರೆಯುಟ್ಟ ಒಬ್ಬರು ತಕರಾರು ಅರ್ಜಿ ಹಿಡಿದು ಬಂದರು. ಸಿಬ್ಬಂದಿಯೊಬ್ಬರು ಒಳಗೆ ಬಂದು, "ಸರ್, ಅದು ಬಂದಿದೆ" ಎಂದರು. ಕೊಠಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ಸೇರಿದೆ. ಬಂದವರು ಮೃತರ ಹಿರಿಯ ಸಂತಾನ. ಹುಟ್ಟಿದಾಗ ಇಟ್ಟದ್ದು ಗಂಡಿನ ಹೆಸರು. ಹದಿನೇಳರ ವಯಸ್ಸಿನಲ್ಲಿ ಮನೆ ಬಿಟ್ಟು ಹೋಗಿ ಈಗ ಹೆಣ್ಣಾಗಿ ಬಾಳುತ್ತಿದ್ದರು. ಅರ್ಜಿಯಲ್ಲಿದ್ದುದು ಈಗಿನ ಹೆಸರು. ತಮ್ಮಂದಿರು ತಂದಿದ್ದ ವಂಶವೃಕ್ಷದಲ್ಲಿ ಅವರ ಯಾವ ಹೆಸರೂ ಇರಲಿಲ್ಲ. "ಅರ್ಜಿದಾರರ ಹೆಸರು ದಾಖಲೆಗೆ ತಾಳೆಯಾಗುವುದಿಲ್ಲ" ಎಂದು ಹಿಂಬರಹ ಬರೆದು ಅರ್ಜಿಯನ್ನು ಹಿಂದಿರುಗಿಸಿದೆ. ಅವಧಿ ಮುಗಿದ ಮೇಲೆ ಖಾತೆ ಇಬ್ಬರ ಹೆಸರಿಗಾಯಿತು.

ನಿಯಮಪ್ರಕಾರವೇ ನಡೆದುಕೊಂಡೆನೆಂದು ಬಹಳ ದಿನ ಭಾವಿಸಿದ್ದೆ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಪ್ರಕಾರ ಮಗನೂ ಮಗಳೂ ಮೊದಲ ವರ್ಗದ ವಾರಸುದಾರರು, ಇಬ್ಬರ ಪಾಲೂ ಸಮ. ಅರ್ಜಿದಾರರನ್ನು ಗಂಡೆಂದು ಬಗೆದರೂ ಹೆಣ್ಣೆಂದು ಬಗೆದರೂ ಅವರ ಹಕ್ಕಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಇವರು ಮೃತರ ಸಂತಾನ ಹೌದೋ ಅಲ್ಲವೋ? ಅದನ್ನು ಕೇಳದಂತೆ ನನ್ನನ್ನು ತಡೆದದ್ದು ಕಾನೂನಲ್ಲ. "ಅದು" ಎಂಬ ಆ ಒಂದು ಪದ.

ಕನ್ನಡ ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಮೂರುಂಟು. ಮನುಷ್ಯರಿಗೆ ಅವನು, ಅವಳು. ಕಲ್ಲಿಗೆ, ಮರಕ್ಕೆ, ಎಮ್ಮೆಗೆ ಅದು. ಮನುಷ್ಯರೊಬ್ಬರನ್ನು "ಅದು" ಎಂದ ಕ್ಷಣವೇ ಅವರನ್ನು ವಸ್ತುವಿನ ಸಾಲಿಗೆ ಸೇರಿಸಿದಂತಾಯಿತು. ಆದರೆ ನಮ್ಮ ಭಾಷೆಯಲ್ಲಿ "ಅವರು" ಎಂಬ ಪದವೂ ಇದೆ. ಅದು ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ, ಎರಡೂ ಅಲ್ಲವೆನ್ನುವವರಿಗೂ ಸಲ್ಲುತ್ತದೆ, ಮೇಲಾಗಿ ಗೌರವಸೂಚಕ. ಯಾರನ್ನು ಹೇಗೆ ಕರೆಯಬೇಕೆಂಬ ಗೊಂದಲವಿದ್ದಾಗ ಸದಸ್ಯರು "ಅವರು" ಎಂದರೆ ಸಾಕು.

ಇನ್ನು ಪದಗಳ ವಿಚಾರ. ನಾನು ಇಂಜಿನಿಯರಿಂಗ್ ಓದಿದವನು. ಬಲ, ಒತ್ತಡ ಎಂಬ ಎರಡು ಪದಗಳನ್ನು ಬೆರೆಸಿದರೆ ನಮ್ಮ ಅಧ್ಯಾಪಕರು ಉತ್ತರಪತ್ರಿಕೆಯನ್ನೇ ಪಕ್ಕಕ್ಕೆ ಸರಿಸುತ್ತಿದ್ದರು. ಇಲ್ಲಿಯೂ ಲಿಂಗ, ಲಿಂಗತ್ವ, ಲೈಂಗಿಕ ಒಲವು ಎಂಬ ಮೂರು ಪದಗಳು ಒಂದೇ ಬೇರಿನಿಂದ ಬಂದಿರುವುದರಿಂದ ಒಂದನ್ನೇ ಮೂರು ಬಗೆಯಲ್ಲಿ ಹೇಳಿದಂತೆ ಕೇಳಿಸುತ್ತವೆ. ಲಿಂಗವೆಂದರೆ ಹುಟ್ಟಿದಾಗ ದೇಹವನ್ನು ನೋಡಿ ಸೂಲಗಿತ್ತಿಯೋ ವೈದ್ಯರೋ ಹೇಳಿದ ಮಾತು. ಲಿಂಗತ್ವವೆಂದರೆ ತಾನು ಗಂಡು, ಹೆಣ್ಣು ಅಥವಾ ಬೇರೆ ಎಂದು ವ್ಯಕ್ತಿ ತನ್ನೊಳಗೆ ಅರಿತಿರುವುದು. ಲೈಂಗಿಕ ಒಲವು ಎಂದರೆ ಮನಸ್ಸು ಯಾರತ್ತ ಒಲಿಯುತ್ತದೆ ಎಂಬುದು. ಮೊದಲ ಎರಡು ತನ್ನ ಕುರಿತಾದವು. ಮೂರನೆಯದು ತನಗೂ ಇನ್ನೊಬ್ಬರಿಗೂ ನಡುವಿನದು. ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಈ ಮೂರೂ ವಾಡಿಕೆಯಂತೆ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಅವು ಬೇರೆಬೇರೆ ಎಂಬುದು ಅನುಭವಕ್ಕೆ ಬಂದಿರುವುದಿಲ್ಲ.

ಹುಟ್ಟಿದಾಗ ಹೇಳಿದ ಲಿಂಗವೂ ಒಳಗಿನ ಲಿಂಗತ್ವವೂ ಹೊಂದದಿರುವವರನ್ನು ಟ್ರಾನ್ಸ್‌ಜೆಂಡರ್ ಎನ್ನುತ್ತಾರೆ. ನಮ್ಮ ಇಲಾಖೆಗಳ ಕಡತಗಳಲ್ಲಿ "ಲಿಂಗತ್ವ ಅಲ್ಪಸಂಖ್ಯಾತರು" ಎಂದಿರುತ್ತದೆ. ಗಂಡೆಂದು ಬೆಳೆಸಿದರೂ ಹೆಣ್ಣಾಗಿ ಬಾಳುವವರು ಟ್ರಾನ್ಸ್ ಮಹಿಳೆ, ಹೆಣ್ಣೆಂದು ಬೆಳೆಸಿದರೂ ಗಂಡಾಗಿ ಬಾಳುವವರು ಟ್ರಾನ್ಸ್ ಪುರುಷ. ಎರಡನೆಯವರು ಹಳ್ಳಿಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ. ಅವರಿಲ್ಲವೆಂದಲ್ಲ, ಮದುವೆ ಮಾಡಿ ಕಳುಹಿಸಿರುತ್ತೇವೆ. ಅಂತರಲಿಂಗಿ ಎಂಬುದು ಇವೆರಡಕ್ಕಿಂತ ಭಿನ್ನ: ಹುಟ್ಟಿದಾಗಲೇ ದೇಹರಚನೆಯು ಗಂಡು ಅಥವಾ ಹೆಣ್ಣು ಎಂಬ ರೂಢಿಯ ಲಕ್ಷಣಗಳಿಗೆ ಪೂರ್ಣವಾಗಿ ಹೊಂದದಿರುವವರು. ಹಿಜ್ರಾ ಎಂಬುದು ದೇಹದ ಹೆಸರಲ್ಲ. ಗುರು-ಚೇಲಾ ಸಂಬಂಧವುಳ್ಳ ಒಂದು ಸಮುದಾಯದ ಹೆಸರು. ಮಂಗಳಮುಖಿ ಎಂಬುದನ್ನು ಗೌರವದಿಂದಲೇ ಬಳಸುತ್ತೇವೆ, ಆದರೆ ಎಲ್ಲರೂ ಅದನ್ನು ಒಪ್ಪುವುದಿಲ್ಲ; ಕೇಳಿ ಕರೆಯುವುದು ಲೇಸು. ಷಂಡ, ಶಿಖಂಡಿ, ಒಂಬತ್ತು, ಚಕ್ಕ ಇವು ಬೈಗುಳಗಳು. ಸಭೆಯಲ್ಲಾಗಲಿ ನಡಾವಳಿಯಲ್ಲಾಗಲಿ ಅವುಗಳಿಗೆ ಸ್ಥಾನವಿಲ್ಲ.

ಉತ್ತರ ಕರ್ನಾಟಕದ ಕಡೆಯ ಸದಸ್ಯರಿಗೆ ಇದು ಹೊಸ ವಿಷಯವೇ ಅಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಚೌಡಿಕೆಯ ದನಿಗೆ ಹಾಡುವ ಜೋಗಪ್ಪಗಳನ್ನು ತಾವು ಬಾಲ್ಯದಿಂದ ಕಂಡವರು. ಮನೆಯ ಮುಂದೆ ಬಂದಾಗ ಮರದಲ್ಲಿ ಜೋಳ ನೀಡಿ ಕೈಮುಗಿಯುತ್ತೇವೆ. ಅದೇ ವ್ಯಕ್ತಿ ಬಾಡಿಗೆಗೆ ಕೋಣೆ ಕೇಳಿದರೆ ಇಲ್ಲವೆನ್ನುತ್ತೇವೆ. ಸಂಸತ್ತು 2019ರಲ್ಲಿ ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಅಧಿನಿಯಮದ ವ್ಯಾಖ್ಯೆಯಲ್ಲಿ ಕಿನ್ನರ, ಹಿಜ್ರಾ, ಅರವಾಣಿ ಎಂಬ ಪದಗಳ ಜೊತೆಗೆ ನಮ್ಮ ಸೀಮೆಯ "ಜೋಗ್ತಾ" ಎಂಬ ಪದವೂ ಸೇರಿದೆ. ಬಳ್ಳಾರಿ ಸೀಮೆಯ ಜೋಗತಿ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬುದರ ಹೊರಗೆ "ಇತರೆ" ಎಂದು ದಾಖಲಾದವರು ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. ಗಣತಿದಾರರು ಬಾಗಿಲಲ್ಲಿ ನಿಂತು ಮನೆಯ ಯಜಮಾನರನ್ನು ಕೇಳುತ್ತಾರೆ. ಯಜಮಾನರು ಏನು ಬರೆಸುತ್ತಾರೆಂಬುದು ತಮಗೆ ತಿಳಿದಿದೆ. ಆದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೆಂದೇ ನನ್ನ ಎಣಿಕೆ.

ಲೈಂಗಿಕ ಒಲವಿನ ಬಗ್ಗೆ ಎರಡು ಮಾತು. ಗಂಡು ಗಂಡಿಗೆ ಒಲಿದರೆ ಗೇ, ಹೆಣ್ಣು ಹೆಣ್ಣಿಗೆ ಒಲಿದರೆ ಲೆಸ್ಬಿಯನ್, ಇಬ್ಬರಿಗೂ ಒಲಿಯುವವರು ದ್ವಿಲಿಂಗಾಸಕ್ತರು. ಪತ್ರಿಕೆಗಳಲ್ಲಿ "ಸಲಿಂಗಕಾಮ" ಎಂಬ ಪದ ರೂಢಿಯಲ್ಲಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಗಂಡಹೆಂಡಿರ ಬಾಳನ್ನು ನಾವು ಕಾಮವೆಂಬ ಒಂದೇ ಪದದಲ್ಲಿ ಹೇಳುವುದಿಲ್ಲವಷ್ಟೆ. "ಸಲಿಂಗ ಒಲವು" ಎಂದರೆ ಅರ್ಥವಾಗುತ್ತದೆ. ಇದು ಕಾಯಿಲೆಯೇ ಎಂಬ ಪ್ರಶ್ನೆ ಬರುತ್ತದೆ. ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಊರಿನ ಹಿರಿಯರಾಗಿ ಸಲಹೆ ನೀಡುವ ಮುನ್ನ, ಅರಿಯದೆ ಆ ಮನೆಗೆ ಬರುವ ಇನ್ನೊಂದು ಜೀವವನ್ನೂ ನೆನೆಯಬೇಕು.

ಅಪರಾಧವೇ? ಅದೂ ಅಲ್ಲ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು, ವಯಸ್ಕರಿಬ್ಬರು ಪರಸ್ಪರ ಸಮ್ಮತಿಯಿಂದ ಖಾಸಗಿಯಾಗಿ ಹೊಂದುವ ಸಂಬಂಧಕ್ಕೆ ದಂಡ ಸಂಹಿತೆಯ 377ನೇ ಪ್ರಕರಣ ಅನ್ವಯಿಸದೆಂದು ತೀರ್ಪು ನೀಡಿತು. ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪು ಅದನ್ನು ಶಾಸಕಾಂಗಕ್ಕೆ ಬಿಟ್ಟಿದೆ. ಆದರೆ ಮದುವೆಗೆ ಮಾನ್ಯತೆ ಇಲ್ಲವೆಂದರೆ ಜೊತೆಯಲ್ಲಿ ವಾಸಿಸಬಾರದೆಂದಲ್ಲ. ಇಬ್ಬರು ಯುವತಿಯರು ಒಟ್ಟಿಗಿದ್ದಾರೆಂದು ಮನೆಯವರು ದೂರು ತಂದರೆ, ಅವರು ಹದಿನೆಂಟು ತುಂಬಿದವರಾಗಿದ್ದಲ್ಲಿ ಪಂಚಾಯಿತಿಗೆ ವಿಚಾರಣೆ ಮಾಡುವ ಅಧಿಕಾರವಿಲ್ಲ. ಹದಿನೆಂಟು ತುಂಬದವರಾದರೆ ಮಕ್ಕಳ ಸಹಾಯವಾಣಿ 1098 ಇದೆ. ಅಂಥ ದೂರನ್ನು ಗ್ರಾಮಸಭೆಯಲ್ಲಿ ಓದುವುದಂತೂ ಕೂಡದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದೂ ಲೈಂಗಿಕ ಒಲವು ಅದರೊಳಗೆ ಬರುತ್ತದೆಂದೂ ನ್ಯಾಯಾಲಯ ಹೇಳಿದೆ.

ಕಚೇರಿಯ ಕೆಲಸಕ್ಕೆ ಬರೋಣ. ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ಎತ್ತಿಹಿಡಿಯಿತು. 2019ರ ಅಧಿನಿಯಮ ಮತ್ತು 2020ರ ನಿಯಮಗಳಂತೆ ಗುರುತಿನ ಪ್ರಮಾಣಪತ್ರ ನೀಡುವವರು ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಜಿಲ್ಲಾಧಿಕಾರಿಗಳು. ಅರ್ಜಿಯನ್ನು ರಾಷ್ಟ್ರೀಯ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಅದರ ಆಧಾರದ ಮೇಲೆ ಇತರ ದಾಖಲೆಗಳಲ್ಲಿ ಹೆಸರು, ಲಿಂಗ ಬದಲಾಯಿಸಿಕೊಳ್ಳಬಹುದು. ಪ್ರಮಾಣಪತ್ರ ತರುವವರೆಗೆ ಉದ್ಯೋಗ ಖಾತರಿಯ ಕೆಲಸ ಕೊಡುವುದಿಲ್ಲ, ಅರ್ಜಿ ಸ್ವೀಕರಿಸುವುದಿಲ್ಲ ಎನ್ನುವಂತಿಲ್ಲ. ಹೆತ್ತವರು ಅಥವಾ ಕುಟುಂಬದವರು ವಾಸವಿರುವ ಮನೆಯಲ್ಲಿ ವಾಸಿಸುವ ಹಕ್ಕನ್ನು ಆ ಅಧಿನಿಯಮದ 12ನೇ ಪ್ರಕರಣ ನೀಡುತ್ತದೆ. ಮನೆಯಿಂದ ಅಥವಾ ಊರಿನಿಂದ ಹೊರಹಾಕುವುದು, ಸಾರ್ವಜನಿಕ ಸ್ಥಳಕ್ಕೆ ಪ್ರವೇಶ ತಡೆಯುವುದು, ಮಾತಿನಿಂದ ಹಿಂಸಿಸುವುದು 18ನೇ ಪ್ರಕರಣದಡಿ ಅಪರಾಧ. ಆರು ತಿಂಗಳಿಂದ ಎರಡು ವರ್ಷದವರೆಗೆ ಕಾರಾವಾಸ ಮತ್ತು ದಂಡ. ಊರಿನಿಂದ ಹೊರಹಾಕುವ "ತೀರ್ಮಾನ"ಕ್ಕೆ ಸಹಿ ಹಾಕಿದ ಸದಸ್ಯರಿಗೂ ಇದು ಅನ್ವಯಿಸಬಹುದು. ಮೈತ್ರಿ ಮಾಸಾಶನ, ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಯೋಜನೆ, ಸರ್ಕಾರಿ ನೇರ ನೇಮಕಾತಿಯಲ್ಲಿ 2021ರಿಂದ ಇರುವ ಶೇ. 1ರ ಮೀಸಲಾತಿ, ಇವುಗಳ ಮಾಹಿತಿಯನ್ನು ಸೂಚನಾ ಫಲಕದಲ್ಲಿ ಹಾಕಲು ಸಾಮಾಜಿಕ ನ್ಯಾಯ ಸಮಿತಿಯ ಒಂದು ಸಭೆ ಸಾಕು.

ನಾನು ಹಿಂದಿರುಗಿಸಿದ ಅರ್ಜಿಯ ಗತಿಯನ್ನು ಕೆಲವರು ಚಹಾ ವಿರಾಮದಲ್ಲಿ ಕೇಳಿದರು. ಅವರು ಗುರುತಿನ ಪ್ರಮಾಣಪತ್ರ ಪಡೆದು, ಹಳೆಯ ಶಾಲೆಯ ದಾಖಲಾತಿ ಪ್ರತಿಯನ್ನೂ ತಂದು, ಖಾತೆ ಬದಲಾವಣೆಯ ವಿರುದ್ಧ ತಾಲ್ಲೂಕು ಪಂಚಾಯಿತಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ನನ್ನ ಹೇಳಿಕೆ ಕೇಳಿದಾಗ, ತಕರಾರು ಅವಧಿಯೊಳಗೇ ಬಂದಿತ್ತು, ಹಿಂದಿರುಗಿಸಿದ್ದು ನನ್ನ ತಪ್ಪು ಎಂದು ಬರೆದುಕೊಟ್ಟಿದ್ದೇನೆ. ಪ್ರಕರಣ ಇನ್ನೂ ಬಾಕಿಯಿದೆ. ಅವರ ತಾಯಿ ಇದೇ ವರ್ಷ ತೀರಿಕೊಂಡರು.

ಈಗ ತಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು. ಎದ್ದು ಕೇಳಲು ಸಂಕೋಚವೆನಿಸಿದವರು ಚೀಟಿಯಲ್ಲಿ ಬರೆದುಕೊಡಿ, ಹೆಸರು ಬರೆಯಬೇಕಾಗಿಲ್ಲ.