ಮರ್ಮರ: ದನಿಯ ಒಡೆಯರು ಯಾರು?

ತಗ್ಗಿದ ದನಿಗೆ ಇಂಗ್ಲಿಷಿನಲ್ಲಿ ‘ಮರ್ಮರ್’ ಎಂಬ ಮಾತುಂಟು. ಅದು ಸಂಸ್ಕೃತದ ‘ಮರ್ಮರ’ವನ್ನು ಬಹುವಾಗಿ ಹೋಲುತ್ತದೆ. ಆದರೂ ಒಂದು ಇನ್ನೊಂದರಿಂದ ಎರವಲು ಪಡೆದುದಲ್ಲ. ಲ್ಯಾಟಿನ್ನಿನ ಮಾತು ಫ್ರೆಂಚಿನ ಮೂಲಕ 14ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ಎರಡೂ ಸದ್ದನ್ನು ಅನುಕರಿಸಿ ಹುಟ್ಟಿದವು. ಅರ್ಥದಲ್ಲಿ ಮಾತ್ರ ಬೇರೆ ಬೇರೆ ಹಾದಿ ಹಿಡಿದವು.

ಅಮರಕೋಶವು ಮರ್ಮರವನ್ನು ಬಟ್ಟೆ ಮತ್ತು ಎಲೆಗಳ ಸಪ್ಪಳವೆಂದು ಹೇಳುತ್ತದೆ. ಸವದತ್ತಿ ಸೀಮೆಯ ನಮ್ಮ ಸಿರಸಂಗಿಯ ಎರೆಹೊಲಗಳಲ್ಲಿ ಒಣಗಿದ ಜೋಳದ ಎಲೆಗೆ ಗಾಳಿ ತಾಗಿದಾಗ ಕೇಳಿಬರುವುದು ಅದೇ. ಇಂಗ್ಲಿಷಿನ ಮರ್ಮರ್ ಆದರೋ ಮೊದಲಿನಿಂದಲೂ ಜನರ ಅಸಮಾಧಾನದ ಗೊಣಗಾಟವನ್ನು ಹೇಳುತ್ತ ಬಂದಿದೆ. ತೊರೆ, ಜೇನ್ನೊಣಗಳ ದನಿಯೂ ಅದರಲ್ಲಿ ಅಡಗಿದೆ. 19ನೆಯ ಶತಮಾನದಲ್ಲಿ ವೈದ್ಯರು ಹೃದಯಬಡಿತದೊಡನೆ ಕೇಳುವ ಅಸಹಜ ಸದ್ದಿಗೂ ಅದೇ ಹೆಸರನ್ನಿತ್ತರು.

ಕನ್ನಡವು ಈ ದನಿಗಳನ್ನು ಬೇರೆ ಬೇರೆಯಾಗಿ ಹಂಚಿಕೊಟ್ಟಿದೆ. ತೊರೆಗೆ ಜುಳುಜುಳು, ಗುಟ್ಟಿಗೆ ಪಿಸುಪಿಸು, ಸಂಶಯಕ್ಕೆ ಗುಸುಗುಸು, ಬೇಸರಕ್ಕೆ ಗೊಣಗೊಣ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂಥ ಅನುಕರಣ ಶಬ್ದಗಳಿಗೂ ವ್ಯಾಕರಣದೊಳಗೆ ಎಡೆಗೊಟ್ಟಿದ್ದಾನೆ.

ಆದ್ದರಿಂದ ಕನ್ನಡಕ್ಕೆ ತರುವವನು ಮೊದಲು ದನಿಯ ಒಡೆಯರು ಯಾರೆಂದು ಕೇಳಬೇಕು. ತೆರಿಗೆಯ ಭಾರಕ್ಕೆ ನೊಂದ ಜನರ ‘ಮರ್ಮರ್’ ಅನ್ನು ‘ಮರ್ಮರ’ವೆಂದೇ ಬರೆದನೆನ್ನಿ; ಜನರ ದೂರು ಎಲೆಯ ಸದ್ದಾಗಿ ಕಿವಿಗೆ ಇಂಪಾಗುತ್ತದೆ, ನೋವು ಮರೆಯಾಗುತ್ತದೆ. ನೆಮ್ಮದಿಯಂತೆ ಅಂಜಿಕೆಯೂ ದನಿಯನ್ನು ತಗ್ಗಿಸುತ್ತದೆ. ಇವೆರಡನ್ನೂ ಬೇರ್ಪಡಿಸಿ ಕೇಳಬಲ್ಲ ಮಾತುಗಳು ನಮ್ಮಲ್ಲಿವೆ. ಅವುಗಳನ್ನು ಬಳಸದೆ ಬಿಟ್ಟರೆ ಸೊರಗುವುದು ನಿಘಂಟು ಮಾತ್ರವಲ್ಲ, ನಮ್ಮ ಕಿವಿಯೂ ಹೌದು.