ನಾಬೋತನ ತೋಟವೂ ಕಾಲ್ಚೆಂಡಿನ ಮೈದಾನವೂ

(ಕಾರ್ಮಿಕ ಅನ್ಯೋನ್ಯತಾ ಕೂಟದಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಲೈನುಮನೆಗಳ ದುರಸ್ತಿ, ಇವುಗಳ ಬಗ್ಗೆ ಮಾತಾಡುವ ನಮ್ಮ ಕೂಟದಲ್ಲಿ ಈ ಸಂಜೆ ಕಾಲ್ಚೆಂಡಾಟದ ವಿಷಯವನ್ನು ಎತ್ತಿಕೊಂಡಿದ್ದೇವೆ. ಆಟದ ಮಾತು ಇಲ್ಲೇಕೆ ಎಂದು ಹಿರಿಯರು ಕೇಳಬಹುದು. ನಮ್ಮ ಪಾಡಿಗಳ ಹುಡುಗರನ್ನೇ ನೋಡಿರಿ. ಇಂಗ್ಲೆಂಡಿನ ತಂಡಗಳ ಅಂಗಿ ತೊಟ್ಟು ತಿರುಗುತ್ತಾರೆ, ನಡುರಾತ್ರಿಯವರೆಗೆ ಮೊಬೈಲಿನಲ್ಲಿ ಆಟ ನೋಡುತ್ತಾರೆ. ಆದರೆ ಅದೇ ತಂಡಗಳ ಸ್ವಂತ ಊರಿನ ಜನರು ಇಪ್ಪತ್ತು ವರ್ಷಗಳಿಂದಲೂ ಮೈದಾನದ ಹೊರಗೆ ಫಲಕ ಹಿಡಿದು ಕೂಗುತ್ತಿದ್ದಾರೆ. ತಂಡ ಸೋತಾಗ ಮಾತ್ರವಲ್ಲ, ಗೆದ್ದಾಗಲೂ ಕೂಗುತ್ತಾರೆ. ಅವರ ಪ್ರಶ್ನೆ ಒಂದೇ: ಈ ತಂಡ ಯಾರದು? ಕಟ್ಟಿ ಬೆಳೆಸಿದವರದೋ, ಕಾಗದದ ಮೇಲೆ ಕೊಂಡವರದೋ? ಇದು ದುಡಿಯುವವರ ಪ್ರಶ್ನೆ. ಆದ್ದರಿಂದಲೇ ಇಲ್ಲಿ ಮಾತಾಡುತ್ತಿದ್ದೇವೆ.

ಮೊದಲು ಈ ತಂಡಗಳು ಹುಟ್ಟಿದ್ದು ಹೇಗೆಂದು ತಿಳಿಯೋಣ. ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಒಂದು ಕಾಲಕ್ಕೆ ಶನಿವಾರವೂ ಕತ್ತಲಾಗುವವರೆಗೆ ದುಡಿತವಿತ್ತು. 1850ರ ಕಾರ್ಖಾನೆ ಕಾಯಿದೆ ಬಂದ ಮೇಲೆ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ದುಡಿಸಕೂಡದೆಂದಾಯಿತು. ಅವರಿಲ್ಲದೆ ಗಿರಣಿ ನಡೆಯದು. ಕ್ರಮೇಣ ಗಂಡಸರಿಗೂ ಅರ್ಧ ದಿನದ ಬಿಡುವು ದೊರಕಿತು. ಅಲ್ಲಿ ಶನಿವಾರ ಮೂರು ಗಂಟೆಗೆ ಆಟ ಆರಂಭವಾಗುವ ವಾಡಿಕೆಯ ಹಿಂದೆ ಈ ಅರ್ಧ ದಿನದ ರಜೆಯಿದೆ. ಕಾರ್ಮಿಕರು ಹೋರಾಡಿ ಪಡೆದ ಬಿಡುವಿನಲ್ಲಿ ಬೆಳೆದ ಆಟವಿದು.

ಬಿಡುವು ಸಿಕ್ಕಿದ ಮೇಲೆ ತಂಡ ಕಟ್ಟಿದವರು ಯಾರು? ಒಂದು ಕಡೆ ಕಾರ್ಖಾನೆಯವರು. ಇಂದಿನ ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ನ್ಯೂಟನ್ ಹೀತ್ ಎಂಬಲ್ಲಿ ರೈಲು ಬೋಗಿ ಕಟ್ಟುವ ಕೆಲಸಗಾರರು ಮಾಡಿಕೊಂಡ ತಂಡ. ಆರ್ಸೆನಲ್ 1886ರಲ್ಲಿ ವುಲಿಚ್ಚಿನ ಮದ್ದುಗುಂಡಿನ ಕಾರ್ಖಾನೆಯವರದು. ವೆಸ್ಟ್ ಹ್ಯಾಮ್ 1895ರಲ್ಲಿ ಥೇಮ್ಸ್ ನದಿಯ ಹಡಗು ಕಟ್ಟುವವರದು. ಇನ್ನೊಂದು ಕಡೆ ಕ್ರೈಸ್ತ ಸಭೆಗಳು. ಆಸ್ಟನ್ ವಿಲ್ಲ 1874ರಲ್ಲಿ ವೆಸ್ಲಿಯನ್ ಸಭೆಯ ಯುವಕರದು. ಎವರ್ಟನ್ 1878ರಲ್ಲಿ ಸೇಂಟ್ ಡೊಮಿಂಗೊ ಮೆಥೊಡಿಸ್ಟ್ ಸಭೆಯವರದು. ಮ್ಯಾಂಚೆಸ್ಟರ್ ಸಿಟಿ 1880ರಲ್ಲಿ ಸೇಂಟ್ ಮಾರ್ಕ್ಸ್ ಎಂಬ ಬಡ ಪೇಟೆಯ ಸಭೆಯ ಆಶ್ರಯದಲ್ಲಿ ಹುಟ್ಟಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1887ರಲ್ಲಿ ವಾಲ್ಫ್ರಿಡ್ ಎಂಬ ಸಂನ್ಯಾಸಿ ಸಹೋದರರು ಸೆಲ್ಟಿಕ್ ತಂಡವನ್ನು ಸ್ಥಾಪಿಸಿದರು. ಅವರ ಉದ್ದೇಶವೇನು? ಹಸಿದ ಬಡಮಕ್ಕಳಿಗೆ ಊಟ ಹಾಕಲು ಹಣ ಕೂಡಿಸುವುದು.

ಹೀಗೆ ಸಭೆಯ ಅಂಗಳದಲ್ಲಿ, ಕಾರ್ಖಾನೆಯ ಬಾಗಿಲಲ್ಲಿ ಹುಟ್ಟಿದ ತಂಡಗಳು ಕ್ರಮೇಣ ಕಂಪನಿಗಳಾದವು. ಆಗಲೂ ಆಟದ ಆಡಳಿತ ಮಂಡಳಿ ಒಂದು ಬೇಲಿ ಹಾಕಿತ್ತು. ಷೇರುದಾರರು ನೂರಕ್ಕೆ ಐದರಷ್ಟೇ ಲಾಭಾಂಶ ತೆಗೆದುಕೊಳ್ಳಬಹುದು; ನಿರ್ದೇಶಕರಿಗೆ ಸಂಬಳವಿಲ್ಲ. ಲಾಭಾಂಶದ ಮಿತಿ ಮುಂದೆ ಸ್ವಲ್ಪ ಸ್ವಲ್ಪ ಏರಿತಾದರೂ ಬೇಲಿ ಬಹುಕಾಲ ನಿಂತಿತ್ತು. 1983ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ಬಿನವರು ಕ್ಲಬ್ಬಿನ ಮೇಲೊಂದು ಬೇರೆ ಕಂಪನಿಯನ್ನು ಮಾಡಿ ಅದರ ಷೇರುಗಳನ್ನು ಪೇಟೆಯಲ್ಲಿ ಮಾರಿದರು. ನಿಯಮ ಕ್ಲಬ್ಬಿಗೆ, ಮೇಲಿನ ಕಂಪನಿಗೆ ಅಲ್ಲ! ಬೇಲಿ ಇದ್ದ ಹಾಗೆಯೇ ಇತ್ತು, ದನ ಮಾತ್ರ ಒಳಗೆ ಮೇಯುತ್ತಿತ್ತು. 1992ರಲ್ಲಿ ಮೇಲ್ದರ್ಜೆಯ ಕ್ಲಬ್ಬುಗಳು ಬೇರೆಯಾಗಿ ಪ್ರೀಮಿಯರ್ ಲೀಗ್ ಮಾಡಿಕೊಂಡವು. ಟೆಲಿವಿಷನ್ನಿನ ಹಣ ಹೊಳೆಯಾಗಿ ಹರಿಯಿತು. ಆ ಹೊಳೆಯ ವಾಸನೆ ಹಿಡಿದು ದೂರದೇಶದ ಹಣವಂತರು ಬಂದರು.

ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಆದದ್ದನ್ನು ಕೇಳಿರಿ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬದವರು ಅದನ್ನು ಸುಮಾರು 79 ಕೋಟಿ ಪೌಂಡಿಗೆ ಕೊಂಡರು. ಅದರಲ್ಲಿ ಬಹುಭಾಗ ಸಾಲದ ಹಣ. ಆ ಸಾಲದ ದೊಡ್ಡ ಪಾಲನ್ನು ಅವರು ಹೊರಲಿಲ್ಲ. ಕ್ಲಬ್ಬಿನ ತಲೆಗೇ ಕಟ್ಟಿದರು. ಅದುವರೆಗೆ ಒಂದು ಕಾಸಿನ ಸಾಲವಿಲ್ಲದ ಕ್ಲಬ್ಬು, ತನ್ನನ್ನು ಕೊಂಡುಕೊಂಡ ಸಾಲಕ್ಕೆ ತಾನೇ ಬಡ್ಡಿ ಕಟ್ಟುವಂತಾಯಿತು. ಆ ಬಡ್ಡಿ ಯಾರ ಜೇಬಿನಿಂದ? ಚೀಟಿ ಕೊಂಡು ಆಟ ನೋಡುವವರ ಜೇಬಿನಿಂದ. ಎತ್ತನ್ನು ಕೊಂಡ ಸಾಲವನ್ನು ಎತ್ತೇ ದುಡಿದು ತೀರಿಸುವುದು ನಮಗೆ ಗೊತ್ತು. ಆದರೆ ಆ ಎತ್ತಿಗೆ ಮೇವನ್ನು ಊರಿನವರು ತರುತ್ತಿದ್ದರು. ಇದೆಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು ಎಂಬುದನ್ನು ಮರೆಯಬಾರದು.

ದೊಡ್ಡ ಕ್ಲಬ್ಬು ಹೇಗೋ ಬದುಕುತ್ತದೆ. ಚಿಕ್ಕದರ ಗತಿಯೇನು? ಮ್ಯಾಂಚೆಸ್ಟರಿನ ಬಳಿ ಬರಿ ಎಂಬ ಹತ್ತಿಗಿರಣಿಗಳ ಊರಿದೆ. 1885ರಲ್ಲಿ ಅಲ್ಲಿಯ ವೆಸ್ಲಿಯನ್ ಸಭೆಯ ತಂಡ ಮತ್ತು ಯುನಿಟೇರಿಯನ್ ಸಭೆಯ ತಂಡ, ಎರಡೂ ಕೂಡಿ ಒಂದು ಕ್ಲಬ್ಬಾದವು. 1900ರಲ್ಲಿಯೂ 1903ರಲ್ಲಿಯೂ ಆ ಕ್ಲಬ್ಬು ಇಂಗ್ಲೆಂಡಿನ ಅತಿ ಹಳೆಯ ಬಹುಮಾನವಾದ ಎಫ್.ಎ. ಕಪ್ಪನ್ನು ಗೆದ್ದಿತು. 1903ರ ಅಂತಿಮ ಪಂದ್ಯದಲ್ಲಿ ಆರು ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡಲಿಲ್ಲ. 116 ವರ್ಷಗಳ ತನಕ ಯಾವ ತಂಡವೂ ಅಂತಿಮ ಪಂದ್ಯದಲ್ಲಿ ಅಷ್ಟು ಅಂತರದಿಂದ ಗೆಲ್ಲಲಿಲ್ಲ. 2019ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿ ಅದನ್ನು ಸರಿಗಟ್ಟಿತು. ಅದೂ ಸಭೆಯಲ್ಲಿ ಹುಟ್ಟಿದ ತಂಡವೇ. ಆದರೆ 2008ರಿಂದ ಅಬುಧಾಬಿಯ ರಾಜಮನೆತನದ ಹಣ ಅದರ ಬೆನ್ನಿಗಿದೆ.

ಬರಿ ಕ್ಲಬ್ಬಿನ ಬೆನ್ನಿಗೆ ಇದ್ದದ್ದು ಸಾಲ. ಒಡೆಯರು ಆಟದ ಮೈದಾನವನ್ನೇ ಅಡವಿಟ್ಟಿದ್ದರು. 2018ರ ಡಿಸೆಂಬರಿನಲ್ಲಿ ಒಂದೇ ಒಂದು ಪೌಂಡಿಗೆ ಕ್ಲಬ್ಬು ಕೈ ಬದಲಾಯಿತು. 2019ರ ವಸಂತದಲ್ಲಿ ಆಟಗಾರರಿಗೂ ನೌಕರರಿಗೂ ಸಂಬಳ ನಿಂತುಹೋಯಿತು. ಸಂಬಳವಿಲ್ಲದೆಯೇ ಆಡಿ ಆ ತಂಡ ಮೇಲಿನ ದರ್ಜೆಗೆ ಏರಿತು! ಆದರೂ ಸಾಲ ತೀರಿಸುವ ಹಣ ಬರಲಿಲ್ಲ. ಆಗಸ್ಟ್ 27ರಂದು ಹೊಸಬರೊಬ್ಬರು ಕೊಳ್ಳುತ್ತಾರೆಂಬ ನಂಬಿಕೆಯಿಂದ ನೂರಾರು ಊರವರು ಪೊರಕೆ ಬಕೆಟ್ಟು ಹಿಡಿದು ಬಂದು ಮೈದಾನವನ್ನು ಗುಡಿಸಿ, ಕುರ್ಚಿಗಳನ್ನು ಒರೆಸಿ, ಮುಂದಿನ ಆಟಕ್ಕೆ ಸಿದ್ಧಮಾಡಿದರು. ಅದೇ ರಾತ್ರಿ ಲೀಗಿನವರು ಕ್ಲಬ್ಬನ್ನು ಹೊರಹಾಕಿದರು. 1894ರಿಂದ 125 ವರ್ಷ ಲೀಗಿನಲ್ಲಿ ಇದ್ದ ಹೆಸರು ಒಂದು ರಾತ್ರಿಯಲ್ಲಿ ಅಳಿಯಿತು. ತಾತನ ಜತೆ ಆಟ ನೋಡಿದ ಮುದುಕರು ಬೀಗ ಹಾಕಿದ ಗೇಟಿನ ಮುಂದೆ ಅತ್ತರು. ಸಾಲ ಮಾಡಿದವರು ಅವರಲ್ಲ, ಕಳೆದುಕೊಂಡವರು ಅವರು.

ಪ್ರಿಯರೇ, ಇಲ್ಲಿ ನಮಗೆ ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯ ನೆನಪಾಗುತ್ತದೆ. ಅರಮನೆಯ ಪಕ್ಕದಲ್ಲಿ ನಾಬೋತನ ದ್ರಾಕ್ಷೆಯ ತೋಟವಿತ್ತು. ಅಹಾಬ ರಾಜನು ಮೊದಲು ಅದನ್ನು ಕಸಿದುಕೊಳ್ಳಲು ಬರಲಿಲ್ಲ. ಬದಲಿಗೆ ಇನ್ನೂ ಒಳ್ಳೆಯ ತೋಟ, ಇಲ್ಲವೆ ಬೆಲೆ ಕೊಡುತ್ತೇನೆಂದನು. ಪೇಟೆಯ ಲೆಕ್ಕದಲ್ಲಿ ನ್ಯಾಯವಾದ ಮಾತೇ. ಆದರೂ ನಾಬೋತನು ಒಪ್ಪಲಿಲ್ಲ. ಅದು ಅವನ ಪಿತೃಗಳಿಂದ ಬಂದ ಸ್ವಾಸ್ತ್ಯ. ಬೆಲೆಯಿಂದ ಕೊಳ್ಳಲಾಗದ್ದನ್ನು ಈಜೆಬೆಲಳು ಕಾಗದದಿಂದ ಪಡೆದಳು. ರಾಜನ ಹೆಸರಿನ ಪತ್ರ, ರಾಜನ ಮುದ್ರೆ, ಊರ ಹಿರಿಯರ ಸಭೆ, ಇಬ್ಬರು ಸಾಕ್ಷಿಗಳು, ಎಲ್ಲವೂ ಕ್ರಮವಾಗಿಯೇ ಇತ್ತು. ನ್ಯಾಯ ಮಾತ್ರ ಇರಲಿಲ್ಲ. ನಾವು ಯಾವ ಕ್ಲಬ್ಬಿನ ಒಡೆಯರನ್ನೂ ಅಹಾಬನೆಂದು ಕರೆಯುತ್ತಿಲ್ಲ. ಇಲ್ಲಿ ಯಾರ ರಕ್ತವೂ ಸುರಿದಿಲ್ಲ. ಆದರೆ ಬೆಲೆ ಕಟ್ಟಬಹುದಾದ ವಸ್ತುವಿಗೂ ಪಿತೃಗಳ ಸ್ವಾಸ್ತ್ಯಕ್ಕೂ ಇರುವ ಅಂತರವನ್ನು ನಾಬೋತನು ಬಲ್ಲವನಾಗಿದ್ದನು. ಬರಿ ಊರಿನ ಮುದುಕರೂ ಬಲ್ಲರು.

ಹಾಗೆಂದು ಹಳೆಯ ಕಾಲವೆಲ್ಲ ಚೆನ್ನಾಗಿತ್ತೆಂದು ನಾವು ಹೇಳುವುದಿಲ್ಲ. 1961ರವರೆಗೆ ಅಲ್ಲಿಯ ಆಟಗಾರರಿಗೆ ಗರಿಷ್ಠ ಕೂಲಿಯ ಕಟ್ಟಿತ್ತು. ಕೊನೆಯಲ್ಲಿ ಅದು ವಾರಕ್ಕೆ 20 ಪೌಂಡು. ಸಾವಿರಾರು ಜನ ಹಣ ಕೊಟ್ಟು ನೋಡಲು ಬಂದರೂ ಆಡುವವನಿಗೆ ಅಷ್ಟೇ. ಆಟಗಾರರ ಸಂಘ ಮುಷ್ಕರಕ್ಕೆ ಸಿದ್ಧವಾದ ಮೇಲೆ ಆ ಕಟ್ಟು ಬಿತ್ತು. 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಿಂದ 97 ಮಂದಿ ಪ್ರಾಣ ಕಳೆದುಕೊಂಡರು. ಇಂದಿನ ಮೈದಾನಗಳು ಹೆಚ್ಚು ಸುರಕ್ಷಿತವಾಗಿವೆ, ಅದು ಒಳ್ಳೆಯದೇ. ನಮ್ಮ ಆಕ್ಷೇಪ ಹಣ ಬಂದದ್ದಕ್ಕಲ್ಲ. ಹಣದ ಜತೆ ಮಾತಿನ ಹಕ್ಕೂ ಹಣವಂತನ ಕೈಗೆ ಹೋದದ್ದಕ್ಕೆ.

ಜನರು ಅಳುತ್ತಾ ಕೂತರೋ? ಇಲ್ಲ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಕ್ಲಬ್ಬು ಚೀಟಿಯ ಬೆಲೆಯನ್ನು 77 ಪೌಂಡಿಗೆ ಏರಿಸುವುದಾಗಿ ಸಾರಿತು. ಮುಂದಿನ ಆಟದಲ್ಲಿ ಸರಿಯಾಗಿ 77ನೆಯ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಮಂದಿ ಎದ್ದು ಹೊರಗೆ ನಡೆದರು. ತಂಡ ಆಗ ಎರಡು ಗೋಲುಗಳಿಂದ ಮುಂದಿತ್ತು! ಕೆಲವೇ ದಿನಗಳಲ್ಲಿ ಒಡೆಯರು ಏರಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು. 2021ರ ಏಪ್ರಿಲ್ 18ರಂದು ಯೂರೋಪಿನ 12 ದೊಡ್ಡ ಕ್ಲಬ್ಬುಗಳು ತಮಗಾಗಿಯೇ ಒಂದು ಸೂಪರ್ ಲೀಗ್ ಮಾಡಿಕೊಳ್ಳುವುದಾಗಿ ಹೇಳಿದವು. ಅದನ್ನು ಸ್ಥಾಪಿಸಿದವರು ಸೋತರೂ ಕೆಳಗಿಳಿಯುವಂತಿಲ್ಲ. ಸೋಲೇ ಇಲ್ಲದ ಆಟ ಆಟವೇ? ಜನ ಬೀದಿಗಿಳಿದರು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು.

ಕೂಗಿದವರಿಗಿಂತ ಕಟ್ಟಿದವರ ಕಥೆ ನಮಗೆ ಹೆಚ್ಚು ಪ್ರಯೋಜನಕರ. 2002ರಲ್ಲಿ ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಅದರ ಒಡೆಯರು ಬಹುದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಸಾಗಿಸಲು ಅನುಮತಿ ಪಡೆದರು. ಅಂಗಡಿ ಎತ್ತಿಕೊಂಡು ಹೋದ ಹಾಗೆ! ಊರಿನ ಜನ ಕೆಲವೇ ವಾರಗಳಲ್ಲಿ ತಾವೇ ಹೊಸ ತಂಡ ಮಾಡಿದರು. ಬಯಲಿನಲ್ಲಿ ಹುಡುಗರನ್ನು ಓಡಿಸಿ ನೋಡಿ ಆಟಗಾರರನ್ನು ಆರಿಸಿದರು. ಅತಿ ಕೆಳಗಿನ ದರ್ಜೆಗಳಿಂದ ಆರಂಭಿಸಿ 2011ರಲ್ಲಿ ಲೀಗನ್ನು ಸೇರಿದರು. 2020ರಲ್ಲಿ ತಮ್ಮ ಹಳೆಯ ಬೀದಿಯಲ್ಲಿಯೇ ಹೊಸ ಮೈದಾನ ಕಟ್ಟಿಕೊಂಡರು. ಮ್ಯಾಂಚೆಸ್ಟರಿನಲ್ಲಿ 2005ರಲ್ಲಿಯೇ ಕೆಲವರು ಬೇರೆಯಾಗಿ ಎಫ್.ಸಿ. ಯುನೈಟೆಡ್ ಮಾಡಿಕೊಂಡರು, ಅಲ್ಲಿ ಎಷ್ಟು ಹಣ ಕೊಟ್ಟರೂ ಒಬ್ಬರಿಗೆ ಒಂದೇ ಓಟು. ಬರಿ ಊರಿನವರೂ ಬಿಡಲಿಲ್ಲ. 2022ರಲ್ಲಿ ಅಭಿಮಾನಿಗಳ ಕೂಟ ಸರ್ಕಾರದ ನೆರವನ್ನೂ ಪಡೆದು ಮೈದಾನವನ್ನು ಕೊಂಡಿತು. 2023ರಲ್ಲಿ ಮತ್ತೆ ಅದೇ ಹುಲ್ಲಿನ ಮೇಲೆ ಬರಿ ತಂಡ ಆಡಿತು, ಕೆಳಗಿನ ದರ್ಜೆಯಲ್ಲಿಯೇ ಆದರೂ ತಮ್ಮದಾಗಿ. ಜರ್ಮನಿಯಲ್ಲಿ ಕೆಲವು ಕ್ಲಬ್ಬುಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಓಟು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿಯೂ 2025ರಲ್ಲಿ ಕಾಯಿದೆ ಬಂದು, ಕ್ಲಬ್ಬುಗಳ ಲೆಕ್ಕವನ್ನೂ ಕೊಳ್ಳುವವರ ಯೋಗ್ಯತೆಯನ್ನೂ ನೋಡಲು ಸ್ವತಂತ್ರ ನಿಯಂತ್ರಕರು ನೇಮಕವಾದರು. ಬರಿ ಊರಿನ ಕಣ್ಣೀರು ವ್ಯರ್ಥವಾಗಲಿಲ್ಲ.

ಈಗ ನಮ್ಮ ಮಾತು. ನಾವು ದುಡಿಯುವ ತೋಟ ನಮ್ಮದಲ್ಲ. ಅದು ಕೈ ಬದಲಾಗುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ. ಗೇಟಿನ ಬೋರ್ಡು ಬದಲಾದ ಮೇಲೆ ನಮಗೆ ತಿಳಿಯುತ್ತದೆ. ಆದರೆ ನಾವೇ ಕಟ್ಟಿದ್ದೂ ಇವೆ. ಸಂಘ, ಸೊಸೈಟಿ, ಹೆಂಗಸರ ಉಳಿತಾಯದ ಗುಂಪು, ಪ್ರಾರ್ಥನೆಯ ಮನೆ, ಹುಡುಗರ ಆಟದ ತಂಡ. ಇವು ನಮ್ಮ ದ್ರಾಕ್ಷೆಯ ತೋಟ. ಇವುಗಳ ವಿಷಯದಲ್ಲಿ ಮೂರು ಮಾತು ನೆನಪಿಡೋಣ.

ಒಂದು, ಲೆಕ್ಕ ನೋಡಿರಿ. ವರ್ಷಕ್ಕೊಮ್ಮೆ ಓದಿ ಹೇಳುವ ಲೆಕ್ಕವನ್ನು ಕೇಳದೆ ಚಹಾ ಕುಡಿದು ಎದ್ದುಹೋಗಬೇಡಿರಿ. ಬರಿ ಊರಿನವರಿಗೆ ಮೈದಾನ ಅಡವಿನಲ್ಲಿದೆಯೆಂಬುದರ ಭಾರ ಅರಿವಾಗುವಾಗ ಕಾಲ ಮೀರಿತ್ತು. ಎರಡು, ಜಾಗದ ಕಾಗದ ಯಾರ ಹೆಸರಿನಲ್ಲಿದೆಯೆಂದು ಕೇಳಿರಿ. ಎಷ್ಟೇ ಒಳ್ಳೆಯವರಾದರೂ ಒಬ್ಬರ ಹೆಸರಿನಲ್ಲಿ ಬೇಡ, ಎಲ್ಲರ ಹೆಸರಿನಲ್ಲಿರಲಿ. ಮೂರು, ಒಬ್ಬರಿಗೆ ಒಂದೇ ಓಟು. ಹೆಚ್ಚು ಕಾಣಿಕೆ ಕೊಟ್ಟವರಿಗೆ ಹೆಚ್ಚು ಗೌರವ ಸಲ್ಲಲಿ, ಹೆಚ್ಚು ಓಟು ಸಲ್ಲಬಾರದು. ಎಲೆ ಕೀಳುವ ಅಕ್ಕನ ಕೈಯೂ ಮೇಸ್ತ್ರಿಯ ಕೈಯೂ ಕೂಟದಲ್ಲಿ ಸಮನಾಗಿ ಏಳಬೇಕು.

ತರುಣರಿಗೂ ಒಂದು ಮಾತು. ನಿಮ್ಮ ತಂಡ ಗೆಲ್ಲಲಿ, ಸಂತೋಷಪಡಿರಿ. ಅಂಗಿಯ ಹಿಂದಿನ ಹೆಸರನ್ನು ಬಲ್ಲ ನೀವು, ಆ ತಂಡವನ್ನು ಹುಟ್ಟಿಸಿದ ರೈಲು ಕೆಲಸಗಾರರನ್ನೂ ಸಭೆಯ ಯುವಕರನ್ನೂ ತಿಳಿದಿರಿ. ಅವರೂ ನಿಮ್ಮಂತೆ ಕೂಲಿಯವರ ಮಕ್ಕಳು. ಅವರು ಕಟ್ಟಿದಂತೆ ಕಟ್ಟಿರಿ, ಕಟ್ಟಿದ್ದನ್ನು ಕಾಯಿರಿ.

ನಾಬೋತನ ದಿನದಲ್ಲಿ ಊರ ಹಿರಿಯರು ಪತ್ರವನ್ನು ಓದಿ ಸುಮ್ಮನೆ ತಲೆ ಅಲ್ಲಾಡಿಸಿದರು. ಒಬ್ಬನಾದರೂ ಎದ್ದು ಪ್ರಶ್ನೆ ಕೇಳಲಿಲ್ಲ. ನಮ್ಮ ಕೂಟಗಳಲ್ಲಿ ಹಾಗಾಗದಂತೆ ಕರ್ತನು ನಮಗೆ ಎಚ್ಚರವನ್ನೂ ಕೇಳುವ ಧೈರ್ಯವನ್ನೂ ಅನುಗ್ರಹಿಸಲಿ. ಆಮೆನ್.